ಬೆಳಕು ಕಾಣದ ಕಲ್ಲುಹೂವು

ಆ ಬೆಳಿಗ್ಗೆ ದತ್ತಾತ್ರಿ ದವಾಖಾನೆಯ ಮೆಟ್ಟಿಲೇರಿದಾಗ ಅವನ ಬೆತ್ತದ ಕುರ್ಚಿಯಲ್ಲಿ ಬೇರೊಬ್ಬ ಕುಳಿತಿದ್ದ.

ಅದು ಮೂವತ್ತೆಂಟನೆಯ ಇಸವಿಯ ಬೇಸಿಗೆ. ಹುಮನಾಬಾದಿನ ಪೇಟೆ ಮುಗಿಯುವ ತಿರುವಿನಲ್ಲಿ ಹಕೀಮ್ ಅಜೀಮುದ್ದೀನರ ದವಾಖಾನೆ. ಹರೆಯದಿಂದಲೂ ದತ್ತಾತ್ರಿ ಅಲ್ಲಿ ಬೇರು ಕುಟ್ಟಿದವನು, ಪುಡಿ ಸೋಸಿದವನು, ರೋಗಿಗಳು ಕರಗಿದ ಮೇಲೆ ಹಕೀಮರ ಎದುರು ಕುಳಿತು ಊರಿನ ಸುದ್ದಿಯನ್ನು ಅವರ ಹುಕ್ಕಾದ ಹೊಗೆಯೊಡನೆ ಬೆರೆಸಿದವನು. ನಾಡಿ ಹಿಡಿದು ರೋಗ ಹೇಳುವ ಹಕೀಮರು ಕಳವು, ಕೊಲೆಗಳ ಸಿಕ್ಕನ್ನೂ ಬಿಡಿಸುತ್ತಾರೆಂಬ ಮಾತು ಬೀದರಿನವರೆಗೆ ಹಬ್ಬಿತ್ತು. ಅಂಥ ಪ್ರತಿಯೊಂದು ಸಿಕ್ಕಿನಲ್ಲಿಯೂ ಅವರ ಬಗಲಿಗೆ ನಡೆದವನು ದತ್ತಾತ್ರಿಯೇ. ಅವನ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಆಸ್ತಿ ಇರಲಿಲ್ಲ.

ಕುರ್ಚಿಯಲ್ಲಿದ್ದವನು ಜಲಾಲುದ್ದೀನ್. ಹಳ್ಳಿಖೇಡದಲ್ಲಿ ಹುಟ್ಟಿ ಹೈದರಾಬಾದಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ತರುಣ. ಬಂಡೆ ಮತ್ತು ಮರಗಳ ಮೇಲೆ ಬೆಳೆಯುವ ಕಲ್ಲುಹೂವುಗಳನ್ನು ಕೂಡಿಸಲು ರಜೆಯಲ್ಲಿ ಬಂದು ಹಕೀಮರ ಅತಿಥಿಯಾಗಿ ಉಳಿದಿದ್ದ. ಅವನು ಬಂದಂದಿನಿಂದ ಹಕೀಮರ ಸಂಜೆಗಳು ಅವನ ಪಾಲಾಗಿದ್ದವು. ಇಬ್ಬರೂ ಉರ್ದುವಿನಲ್ಲಿ ನಗುತ್ತಿದ್ದರು. ದತ್ತಾತ್ರಿಗೆ ಉರ್ದು ಬರುತ್ತಿತ್ತು, ಆ ನಗೆ ಬರುತ್ತಿರಲಿಲ್ಲ.

"ಬರ್ರಿ ದತ್ತಾತ್ರಿ ಕಾಕಾ, ಇದೊಂದು ನೋಡ್ರಿ," ಎಂದ ಜಲಾಲುದ್ದೀನ್. ಕಾಕಾ ಎಂಬ ಆ ಮಾತು ತನ್ನನ್ನು ಮೆಲ್ಲನೆ ಗೋಡೆಯ ಬದಿಗೆ ಸರಿಸಿದಂತೆ ದತ್ತಾತ್ರಿಗೆ ಕೇಳಿಸಿತು.

ಮೇಜಿನ ಮೇಲೆ ಹಿತ್ತಾಳೆಯ ಸೂಕ್ಷ್ಮದರ್ಶಕವಿತ್ತು. ದತ್ತಾತ್ರಿ ಒಲ್ಲದ ಮನಸ್ಸಿನಿಂದ ಅದಕ್ಕೆ ಕಣ್ಣಿಟ್ಟ. ಬಣ್ಣವಿಲ್ಲದ ಎಳೆಗಳ ಒಂದು ಬಲೆ. ಬಲೆಯೊಳಗೆ ಅಲ್ಲಲ್ಲಿ ಸಿಲುಕಿದ ಹಸಿರು ಮಣಿಗಳು. ಕಲ್ಲುಹೂವು ಒಂದು ಜೀವವಲ್ಲ, ಎರಡು ಎಂದು ಜಲಾಲುದ್ದೀನ್ ವಿವರಿಸಿದ. ಎಳೆಗಳು ಶಿಲೀಂಧ್ರ, ಅಂದರೆ ಅಣಬೆಯ ಬಳಗದ್ದು. ಮಣಿಗಳು ಪಾಚಿ. ಶಿಲೀಂಧ್ರ ಕಲ್ಲನ್ನು ಕಚ್ಚಿ ನಿಂತು, ತೇವ ಹಿಡಿದು, ಬಿಸಿಲಿನ ಉರಿ ತಡೆದು ಪಾಚಿಗೆ ಮನೆಯಾಗುತ್ತದೆ. ಪಾಚಿ ಬೆಳಕಿನಿಂದ ಇಬ್ಬರಿಗೂ ಅನ್ನ ಮಾಡುತ್ತದೆ. ಬೆಳಕು ನಿಂತರೆ ಪಾಚಿ ಸಾಯುತ್ತದೆ. ಪಾಚಿ ಸತ್ತರೆ ಎಳೆಗಳೂ ಹಸಿವಿನಿಂದ ಸಾಯುತ್ತವೆ.

"ಇದರಾಗ ಮಾಲಕ ಯಾರು, ಆಳು ಯಾರು?" ಎಂದು ದತ್ತಾತ್ರಿ ಕೇಳಿದ.

"ಅದ ಜಗಳ ನಡದದ ಕಾಕಾ, ಪಂಡಿತರೊಳಗ. ಕೆಲವರು ಇದು ಲಗ್ನ ಅಂತಾರ, ಕೆಲವರು ಸೆರೆಮನಿ ಅಂತಾರ."

"ಎರಡಕ್ಕೂ ಭಾಳ ಫರಕ್ ಇಲ್ಲ ಬಿಡು," ಎಂದು ಹಕೀಮರು ಹುಕ್ಕಾದ ನಳಿಗೆಯ ಹಿಂದೆ ನಕ್ಕರು.

ಜಲಾಲುದ್ದೀನ್ ಹಿಂದಿನ ದಿನ ಬಂಡೆಯಿಂದ ಎಬ್ಬಿಸಿ ತಂದ ಬೂದುಬಣ್ಣದ ಚೂರಿಗೆ ನೀರು ಹನಿಸಿದ. ನೋಡನೋಡುತ್ತ ಅದು ಹಸಿರೇರಿತು. ಜೀವವಿದ್ದರೆ ಮೇಲಿನ ಪೊರೆ ನೀರು ಕುಡಿದು ತಿಳಿಯಾಗುತ್ತದೆ, ಒಳಗಿನ ಪಾಚಿ ಕಾಣಿಸಿಕೊಳ್ಳುತ್ತದೆ ಎಂದ. ಬಳಿಕ ಕಪಾಟಿನಿಂದ 'ಉಶ್ನಾ' ಎಂದು ಬರೆದ ಭರಣಿ ಇಳಿಸಿದ. ಹಕೀಮರ ಶಾಸ್ತ್ರದಲ್ಲಿ ಕಲ್ಲುಹೂವಿಗೆ ಅದೇ ಹೆಸರು. ಅದರಿಂದ ತೆಗೆದ ಚೂರು ನೀರಿಗೆ ಬರೀ ತೊಯ್ದಿತು, ಬಣ್ಣ ಬದಲಿಸಲಿಲ್ಲ. ಇದು ಸತ್ತು ಬಹಳ ಕಾಲವಾಗಿದೆ ಎಂದು ಅವನು ಸಹಜವಾಗಿಯೇ ಹೇಳಿದ. ಆ ಭರಣಿಯನ್ನು ತುಂಬಿಟ್ಟವನು ದತ್ತಾತ್ರಿ. ಅವನು ಭರಣಿಯ ಮುಚ್ಚಳವನ್ನು ಬೇಕಾದ್ದಕ್ಕಿಂತ ಗಟ್ಟಿಯಾಗಿ ತಿರುವಿ ಕಪಾಟಿನಲ್ಲಿಟ್ಟ.

ಆಗ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಬುರ್ಖಾದ ಅಂಚಿಗೆಲ್ಲ ಹಾದಿಯ ಧೂಳು. ಕಲ್ಯಾಣದಿಂದ ಮೊದಲ ಮೋಟಾರಿಗೆ ಬಂದಿದ್ದಳು. ಹೆಸರು ಲತೀಫಾ, ನಾರಾಯಣಪುರದ ಗೌಂಡಿ ಗೌಸನ ಹೆಂಡತಿ.

"ನನ್ನ ಗಂಡ ನರಸಿಂಗಣ್ಣನ್ನ ಕೊಂದಾನಂತ ಹಗ್ಗ ಕಟ್ಯಾರ್ರಿ," ಎಂದಳು. "ತನ್ನ ಕೈ ತಾನ ಕಡಕೊಂಡಾನಂದರ ನಂಬತೇನಿ. ಇದು ನಂಬಂಗಿಲ್ರಿ."

ಹಕೀಮರು ಅವಳಿಗೆ ನೀರು ಕೊಡಿಸಿ, ನಿಧಾನವಾಗಿ ಕೇಳಿ ತಿಳಿದುಕೊಂಡರು. ನಾರಾಯಣಪುರದ ಹಳೆಯ ಶಿವಾಲಯದ ಆಚೆಗೆ ಒಂದು ಪಾಳು ಮಂಟಪ. ಅದರ ದುರಸ್ತಿ ನಡೆದಿತ್ತು. ಕಲ್ಲು ಕೊರೆಯುವವನು ನರಸಿಂಗ. ಕೊರೆದ ಕಲ್ಲನ್ನು ಗಚ್ಚು ಹಾಕಿ ಕೂರಿಸುವವನು ಗೌಸ. ಇವನ ಅಳತೆ ಅವನ ಕಣ್ಣಿಗೆ, ಅವನ ಗಚ್ಚಿನ ಹದ ಇವನ ಬೆರಳಿಗೆ ಹೇಳದೆಯೇ ತಿಳಿಯುತ್ತಿತ್ತು. ಸುತ್ತಿನ ಊರುಗಳಲ್ಲಿ ಜನ 'ನರಸಿಂಗ-ಗೌಸ' ಎಂದು ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ಹಿಂದಿನ ದಿನ ಮಧ್ಯಾಹ್ನ ಹುಣಸೆಮರದಡಿ ಊಟವಾದ ಮೇಲೆ ನರಸಿಂಗ ಮಂಟಪದ ಹಿಂಬದಿಯ ಸೂರಿನ ನೆರಳಿಗೆ ಹೋಗಿ ಮಲಗಿದ. ಹೊಸ ಗಚ್ಚು ಒಣಗಿ ಬಿರಿಯಬಾರದೆಂದು ನೀರು ಹಾಕಲು ಗೌಸ ಮಾಳಿಗೆ ಹತ್ತಿದ. ಧೊಪ್ಪೆಂದು ಸಪ್ಪಳವಾಯಿತು. ಜನ ಓಡಿ ಬಂದರೆ ನರಸಿಂಗನ ತಲೆ ಒಡೆದಿತ್ತು, ಪಕ್ಕದಲ್ಲಿ ಸೂರಿನ ಕಲ್ಲೊಂದು ಬಿದ್ದಿತ್ತು. ಮೇಲೆ, ಮಾಳಿಗೆಯ ಅಂಚಿನಿಂದ, ಗೌಸನ ಮುಖ ಕೆಳಗೆ ಇಣುಕುತ್ತಿತ್ತು.

ಇಷ್ಟು ಸಾಲದೆಂಬಂತೆ ಬೆಳಿಗ್ಗೆ ಇಬ್ಬರೂ ಜೋರಾಗಿ ಜಗಳವಾಡಿದ್ದನ್ನು ಎಲ್ಲರೂ ಕೇಳಿದ್ದರು. ಹೈದರಾಬಾದಿನಲ್ಲಿ ಏಳುತ್ತಿದ್ದ ದೊಡ್ಡ ಕಟ್ಟಡವೊಂದರ ಕೆತ್ತನೆಗೆ ನರಸಿಂಗನಿಗೆ ಕರೆ ಬಂದಿತ್ತು, ಗೌಸನಿಗೆ ಬಂದಿರಲಿಲ್ಲ. ಗೌಸ ಹೊಟ್ಟೆಕಿಚ್ಚಿನಿಂದ ಕಲ್ಲು ಉರುಳಿಸಿದ ಎಂಬುದು ಊರಿನ ತೀರ್ಪು. ಪೊಲೀಸ್ ಠಾಣೆಯ ಅಮೀನ ನಾಳೆಯೇ ಅವನನ್ನು ಬೀದರಿಗೆ ಕಳಿಸಲಿದ್ದ. ಅಲ್ಲಿಗೆ ಹೋದರೆ ಮುಂದಿನದು ಗಲ್ಲು ಎಂದು ಲತೀಫಾಗೆ ಗೊತ್ತಿತ್ತು.

"ಜಗಳಾಡಿದ್ದು ಖರೇ ರೀ. ನೀ ಹೋಗು, ಇಂಥಾ ಕೆಲಸ ಮತ್ತ ಬರಂಗಿಲ್ಲ ಅಂತ ನಮ್ಮವರು. ನೀ ಇಲ್ಲದ ನಾ ಹೋಗಂಗಿಲ್ಲಂತ ಅವರು. ಅದ ಜಗಳ."

ಹಕೀಮರು ರುಮಾಲು ಸುತ್ತಿಕೊಂಡರು. ದತ್ತಾತ್ರಿ ಅವರ ಕೊಡೆ ಎತ್ತಿಕೊಂಡ. ಅಷ್ಟರಲ್ಲಿ ಜಲಾಲುದ್ದೀನನೂ ಎದ್ದ. ಅವನಿಗೆ ಆ ಮಂಟಪದ ಕಲ್ಲುಹೂವು ನೋಡಬೇಕಿತ್ತು. ಹಕೀಮರು ಬಾ ಎಂದುಬಿಟ್ಟರು. ಮೋಟಾರಿನಲ್ಲಿ ಹಕೀಮರ ಪಕ್ಕದ ಜಾಗ ತರುಣನಿಗೆ ಸಿಕ್ಕಿತು. ದತ್ತಾತ್ರಿ ಹಿಂದೆ, ಮೆಣಸಿನಕಾಯಿ ಮೂಟೆಗಳ ನಡುವೆ ಕುಳಿತು, ಕಲ್ಯಾಣ ಬರುವವರೆಗೆ ಆ ಎರಡು ತಲೆಗಳು ಮಾತಿಗಾಗಿ ಒಂದರ ಕಡೆಗೊಂದು ಬಾಗುವುದನ್ನು ನೋಡುತ್ತಲೇ ಇದ್ದ.

ಕಲ್ಯಾಣದಿಂದ ನಾರಾಯಣಪುರಕ್ಕೆ ಚಕ್ಕಡಿ. ಮಂಟಪದ ಮುಂದಿನ ಕಂಬಕ್ಕೆ ಗೌಸನನ್ನು ಕಟ್ಟಿದ್ದರು. ಅವನು ತಲೆಯೆತ್ತಲಿಲ್ಲ, ಹೆಂಡತಿ ಹತ್ತಿರ ಬಂದಾಗಲೂ. ನರಸಿಂಗನ ದಹನ ಹಿಂದಿನ ಸಂಜೆಯೇ ಆಗಿತ್ತು. ಆದರೆ ಕಲ್ಲು ಬಿದ್ದಲ್ಲಿಯೇ ಇತ್ತು, ತಳವಾರ ಕಾವಲಿದ್ದ. ಅಮೀನ ಒಮ್ಮೆ ತನ್ನ ತಾಯಿಯ ಉಬ್ಬಸವನ್ನು ವಾಸಿಮಾಡಿದ ಹಕೀಮರಿಗೆ ಇಲ್ಲವೆನ್ನಲಾರದೆ, "ನೋಡ್ರಿ ಹಕೀಮಸಾಬ. ಆದರ ಇದರಾಗ ನೋಡೂದೇನೂ ಉಳದಿಲ್ಲ," ಎಂದ.

ಹಕೀಮರು ಮೊದಲು ಗುತ್ತೇದಾರ ಪೀರ್ ಪಾಷಾನನ್ನು ಮಾತಾಡಿಸಿದರು. ಸಪ್ಪಳವಾದಾಗ ಅವನು ಮಂಟಪದ ಮುಂದೆ, ಏಣಿಯ ಬುಡದಲ್ಲಿಯೇ ತಳವಾರನೊಡನೆ ತಂಬಾಕು ತಿಕ್ಕುತ್ತ ಕುಳಿತಿದ್ದ. ಬೆಳಿಗ್ಗೆಯಿಂದ ಇಬ್ಬರೂ ಅಲ್ಲಿಂದ ಕದಲಿರಲಿಲ್ಲ. ಊಟದ ಬಳಿಕ ಏಣಿ ಹತ್ತಿದವನು ಗೌಸನೊಬ್ಬನೇ. ಹತ್ತುವಾಗ ಕೈಯಲ್ಲಿದ್ದದ್ದು ನೀರಿನ ಕೊಡ. ಅವನು ಇಳಿದದ್ದು ಕೂಗೆದ್ದ ಮೇಲೆಯೇ. ತಳವಾರ ಇದೆಲ್ಲಕ್ಕೂ ಹೌದೆಂದ. ನರಸಿಂಗನ ಹೆಂಡತಿ ದ್ರೌಪತಿ ಬುತ್ತಿ ಕೊಟ್ಟು ಆಗಲೇ ಮನೆಗೆ ತಿರುಗಿದ್ದಳು. ಹಿಂಬದಿಯಲ್ಲಿದ್ದವನು ದ್ರೌಪತಿಯ ಅಣ್ಣ ಜ್ಞಾನೇಶ್ವರ ಮಾತ್ರ. ಅವನೂ ಕಲ್ಲು ಕೊರೆಯುವವನೇ. ಗೌಸ ಬರುವುದಕ್ಕೆ ಮುಂಚೆ ನರಸಿಂಗನ ಜೊತೆಗಾರ.

ಜ್ಞಾನೇಶ್ವರ ಎತ್ತರದ, ಮಾತು ಕಡಿಮೆಯ ಮನುಷ್ಯ. ಬಲಗೈಯನ್ನು ಎದೆಗೊತ್ತಿ ಹಿಡಿದಿದ್ದ. ತೋರುಬೆರಳಿಗೆ ದಪ್ಪಗೆ ಬಟ್ಟೆ ಸುತ್ತಿತ್ತು. ತಾನು ಹಿಂದಿನ ಗಿಡದ ನೆರಳಲ್ಲಿ ಚಾಣ ಮಸೆಯುತ್ತಿದ್ದೆ, ಮೇಲಿಂದ ಕಲ್ಲು ಉರುಳಿದ್ದನ್ನು ಕೇಳಿ ಓಡಿ ಬಂದೆ ಎಂದ. ಬೆರಳಿಗೇನಾಯಿತೆಂದು ಹಕೀಮರು ಕೇಳಿದರು.

"ಸುತ್ತಿಗಿ ಬಿತ್ರಿ."

"ಬಿಚ್ಚು, ಲೇಪ ಹಚ್ಚತೇನಿ."

"ಬ್ಯಾಡ್ರಿ. ಸಾವಿನ ಮನ್ಯಾಗ ನನ್ನ ಬೆರಳಿಂದೇನು ದೊಡ್ಡದು."

ಹಕೀಮರು ಒತ್ತಾಯಿಸಲಿಲ್ಲ. ಅವನ ಹಣೆಯ ಬೆವರನ್ನು ಮಾತ್ರ ಒಂದು ಗಳಿಗೆ ಹೆಚ್ಚಾಗಿ ನೋಡಿದರು.

ಬಳಿಕ ಏಣಿ ಹತ್ತಲು ಹೊರಟರು. ದತ್ತಾತ್ರಿಯ ಮಂಡಿ ಏಣಿಗೆ ಒಗ್ಗುತ್ತಿರಲಿಲ್ಲ. ಜಲಾಲುದ್ದೀನ್ ಕೊಡದಲ್ಲಿ ನೀರು ಹಿಡಿದು ಅವರ ಹಿಂದೆ ಹತ್ತಿದ. ಕೆಳಗೆ ಉಳಿದ ದತ್ತಾತ್ರಿಗೆ ಮೇಲಿನಿಂದ ಇಬ್ಬರ ತಗ್ಗಿದ ದನಿ ಕೇಳಿಸುತ್ತಿತ್ತು. ಕೈಹಿಡಿದು ಕರೆದೊಯ್ದವರು ಸಂತೆಯಲ್ಲಿ ಬಿಟ್ಟುಹೋದ ಮಗುವಿನಂತೆ ಅವನು ಮಂಟಪದ ಸುತ್ತ ಅಲೆದ. ಹಿಂಬದಿಯ ಜಗುಲಿಗಲ್ಲಿನ ಮೇಲೆ ಒಂದು ಕಂದು ಗೀರು ಕಂಡಿತು, ಯಾರೋ ಏನನ್ನೋ ರಭಸದಿಂದ ತಿಕ್ಕಿದಂತೆ. ಗೀರಿನ ಬುಡದಲ್ಲಿ ಒಂದು ಹುಣಸೆ ಬೀಜ. ಅದರ ಒಂದು ಮಗ್ಗುಲು ಸವೆದು ಒಳಗಿನ ಬಿಳಿ ಕಾಣುತ್ತಿತ್ತು.

ದತ್ತಾತ್ರಿ ಅದನ್ನೆತ್ತಿ ಅಂಗಿಯ ಜೇಬಿಗೆ ಹಾಕಿಕೊಂಡ. ಇದು ತನಗೆ ಸಿಕ್ಕದ್ದು. ಆ ಹುಡುಗ ಬಳಿಯಿಲ್ಲದಾಗ ಹಕೀಮರೊಬ್ಬರಿಗೇ ತೋರಿಸಬೇಕು ಎಂದುಕೊಂಡ. ಹಾಗೆ ಅಂದುಕೊಂಡಾಗ ಎದೆಯಲ್ಲಿ ಸಣ್ಣದೊಂದು ಬೆಚ್ಚನೆಯ ಸುಖವಾಯಿತು.

ಮಾಳಿಗೆಯ ಅಂಚಿನಲ್ಲಿ ಹಕೀಮರು ಸೂರಿನ ಕಲ್ಲುಗಳಿಗೆ ನೀರು ಹೊಯ್ಯುತ್ತಿದ್ದರು. ಆ ಕಲ್ಲುಗಳ ಹೊರಮೈ ತುಂಬ ಬೂದು ಕಲ್ಲುಹೂವು. ನೀರು ಹರಿದಲ್ಲೆಲ್ಲ ಅದು ಹಸಿರಾಗುತ್ತ ಬಂತು. ಕೆಳಗಿಳಿದು, ನರಸಿಂಗನನ್ನು ಕೊಂದ ಕಲ್ಲಿನ ಮೇಲೂ ಹೊಯ್ದರು. ಅದರ ಮೇಲ್ಮೈಗೂ ಅಂಥದೇ ಬೂದು ಕಲ್ಲುಹೂವು ಅಂಟಿತ್ತು. ಕೊಡ ಬರಿದಾದರೂ ಅದು ಬೂದಾಗಿಯೇ ಉಳಿಯಿತು. ಬೆರಳು ಸೋಕಿದರೆ ಉದುರಿತು. ಜಲಾಲುದ್ದೀನನ ಕಣ್ಣುಗಳು ಅರಳಿದವು. ಹಕೀಮರು ತುಟಿಯ ಮೇಲೆ ಬೆರಳಿಟ್ಟು ಅವನನ್ನು ಸುಮ್ಮನಾಗಿಸಿದರು.

ಅಲ್ಲಿಂದ ಅವರು ಹಿಂಬದಿಯ ಹುಲ್ಲಿನೊಳಗೆ, ಹಳೆಯ ಕಲ್ಲುಗಳು ಬಿದ್ದುಕೊಂಡಿದ್ದ ಕಡೆಗೆ ನಡೆದರು. ಅಲ್ಲಿ ಹುಲ್ಲು ಬಿಳಿಚಿದ ಒಂದು ತಗ್ಗು ಗುರುತಿತ್ತು. ಇರುವೆಗಳು ತಮ್ಮ ಬಿಳಿ ಮೊಟ್ಟೆ ಹೊತ್ತು ಅದರಲ್ಲಿ ಅಲೆಯುತ್ತಿದ್ದವು. ಹಕೀಮರು ಪಕ್ಕದ ಕಲ್ಲೊಂದನ್ನು ಎತ್ತಿ ನೋಡಲು ಬಗ್ಗಿದಾಗ ಪೀರ್ ಪಾಷಾ ಓಡಿಬಂದು ತಡೆದ.

"ಕೈ ಹಾಕಬ್ಯಾಡ್ರಿ ಹಕೀಮಸಾಬ. ಮಲಗಿದ ಕಲ್ಲಿಗೆ ನಮ್ಮ ಮಂದಿ ಯಾರೂ ಮೊದಲ ಕೈ ಹಚ್ಚಂಗಿಲ್ಲ. ಹಾರಿ ತರಸ್ತೇನಿ, ಮಗಚಿ ನೋಡ್ರಿ."

ಹಾರೆಯಿಂದ ಕಲ್ಲು ಮಗುಚಿದರು. ಅಡಿಯಲ್ಲಿ ಬರೀ ಮಣ್ಣಿತ್ತು. ಹಕೀಮರು ಪೀರ್ ಪಾಷಾನಿಗೆ ಉಪಕಾರ ಹೇಳಿ, ಸಂಜೆಗೆ ಎಲ್ಲರನ್ನೂ ಮಂಟಪದ ಮುಂದೆ ಕೂಡಿಸಬೇಕೆಂದು ಅಮೀನನನ್ನು ಬೇಡಿಕೊಂಡರು.

ಜನ ಕೂಡುತ್ತಿರುವಾಗ ಒಂದು ಸಣ್ಣ ಪ್ರಸಂಗ ನಡೆಯಿತು. ನರಸಿಂಗನ ಚಾಣಗಳ ಚೀಲವನ್ನು ತಳವಾರ ನೆಲಕ್ಕಿಡಲು ಹೋದ. ಅಲ್ಲಿಯವರೆಗೆ ತುಟಿಬಿಚ್ಚದಿದ್ದ ಗೌಸ, "ನೆಲಕ್ಕ ಇಡಬ್ಯಾಡ್ರಿ, ಅವನಿಗೆ ಆಗಂಗಿಲ್ಲ," ಎಂದ. ಜ್ಞಾನೇಶ್ವರ ಮುನ್ನುಗ್ಗಿ ಚೀಲವನ್ನು ಕಸಿದುಕೊಂಡ. "ಅದು ನಮ್ಮ ಮನೀದು. ಅವನಿಗೇನಾಗತದ, ಏನಾಗಂಗಿಲ್ಲ, ನಿನ್ನ ಕೇಳೂದಿಲ್ಲ," ಎಂದ.

ಮಾತು ದೊಡ್ಡದಲ್ಲ. ಆದರೆ ದತ್ತಾತ್ರಿ ಆ ಮುಖವನ್ನು ಕಂಡ. ತಮ್ಮನಂತಿದ್ದವನನ್ನು ಕಳೆದುಕೊಂಡವನ ಮುಖ ಅದಾಗಿರಲಿಲ್ಲ. ಸತ್ತ ಮೇಲೂ ಅವನ ಇಷ್ಟಾನಿಷ್ಟ ಇನ್ನೊಬ್ಬನಿಗೇ ಗೊತ್ತೆಂಬುದನ್ನು ತಾಳಲಾರದವನ ಮುಖ. ತುಸು ಸೊಟ್ಟಗಾದ ಆ ತುಟಿ, ಅರೆಮುಚ್ಚಿದ ಆ ಕಣ್ಣು ದತ್ತಾತ್ರಿಗೆ ಹೊಸವಲ್ಲ. ಅವನು ಕನ್ನಡಿಯಲ್ಲಿ ನೋಡದಿದ್ದರೂ, ಈ ಕೆಲವು ದಿನಗಳಿಂದ ಅದನ್ನು ತನ್ನ ಚರ್ಮದ ಒಳಗಿನಿಂದ ಬಲ್ಲವನಾಗಿದ್ದ. ಜೇಬಿನಲ್ಲಿದ್ದ ಬೀಜ ತಟ್ಟನೆ ಭಾರವಾಯಿತು. ತಾನು ಅಡಗಿಸಿಟ್ಟಿರುವುದು ಒಬ್ಬನ ಕೊರಳು ಎಂದು ಅನ್ನಿಸಿತು.

ಅವನು ನೇರವಾಗಿ ಹಕೀಮರ ಬಳಿಗೆ ಹೋದ. ಜಲಾಲುದ್ದೀನ್ ಪಕ್ಕದಲ್ಲೇ ಇದ್ದ, ಇರಲಿ ಎಂದುಕೊಂಡ. ಅಂಗೈ ಬಿಚ್ಚಿ, ಎಲ್ಲಿ ಸಿಕ್ಕಿತೆಂದು ಹೇಳಿದ. ಹಕೀಮರು ಬೀಜದ ಸವೆದ ಮಗ್ಗುಲನ್ನು ಸಂಜೆಬೆಳಕಿಗೆ ಹಿಡಿದು ನೋಡಿದರು.

"ದತ್ತೂ, ಕಲ್ಲು ಎಲ್ಲಿಂದ ಬಂತು ಅನ್ನೂದು ನನಗ ಗೊತ್ತಾಗಿತ್ತು. ಅದನ್ನ ಎತ್ತಿದ ಕೈ ಯಾವುದು ಅಂತ ತೋರಸಲಿಕ್ಕೆ ನನ್ನ ಹತ್ತರ ಏನೂ ಇದ್ದಿಲ್ಲ," ಎಂದಷ್ಟೇ ಹೇಳಿದರು.

ಎಲ್ಲರೂ ಕೂಡಿದರು. ಸಾವಿನ ಮನೆಯ ಹೆಣ್ಣು ಹೊರಗೆ ಹೋಗಬಾರದೆಂದು ಹಿರಿಯರು ತಡೆದರೂ ದ್ರೌಪತಿ ಬಿಳಿ ಚಾದರ ಹೊದ್ದು ಬಂದು ಒಂದು ಕಂಬಕ್ಕೆ ಒರಗಿ ನಿಂತಳು. ಲತೀಫಾ ಅವಳಿಂದ ದೂರದಲ್ಲಿ ನಿಂತಳು.

ಹಕೀಮರು ಕೊಲೆಯ ಕಲ್ಲನ್ನು ಮುಂದಿಡಿಸಿದರು. ಸೂರಿನಿಂದ ಬಿಡಿಸಿ ತಂದ ಇನ್ನೊಂದನ್ನು ಅದರ ಪಕ್ಕಕ್ಕಿಡಿಸಿದರು. ಎರಡೂ ಒಂದೇ ಆಕಾರ, ಎರಡರ ಮೇಲೂ ಬೂದು ಕಲ್ಲುಹೂವು. ಎರಡಕ್ಕೂ ನೀರು ಹೊಯ್ದರು. ಒಂದು ಹಸಿರಾಯಿತು, ಇನ್ನೊಂದು ಆಗಲಿಲ್ಲ. ಕಲ್ಲುಹೂವಿನೊಳಗೆ ಇಬ್ಬರು ಕೂಡಿ ಬಾಳುವುದನ್ನೂ, ಬೆಳಕಿಲ್ಲದೆ ಹಸಿರು ಜೀವ ಉಳಿಯದೆಂಬುದನ್ನೂ ಅವರು ಜಲಾಲುದ್ದೀನನ ಬಾಯಿಂದಲೇ ಹೇಳಿಸಿದರು. ಬಳಿಕ ತಾವು ಮಾತಿಗೆ ತೊಡಗಿದರು.

ಈ ಕಲ್ಲು ನಿನ್ನೆಯವರೆಗೆ ಸೂರಿನಲ್ಲಿದ್ದಿದ್ದರೆ ಅದರ ಮೇಲಿನ ಕಲ್ಲುಹೂವು ಬಿಸಿಲು ಕಂಡು ಬದುಕಿರಬೇಕಿತ್ತು. ಅದು ಸತ್ತಿದೆ, ಅಂದರೆ ಈ ಮುಖ ಬಹುಕಾಲ ಬೆಳಕನ್ನೇ ಕಂಡಿಲ್ಲ. ಕಲ್ಲು ಯಾವುದೋ ಮಳೆಗಾಲದಲ್ಲಿ ಬಿದ್ದು ಹಿಂಬದಿಯ ಹುಲ್ಲಿನಲ್ಲಿ ಮುಖ ಕೆಳಗಾಗಿ ಮಲಗಿತ್ತು. ಅಲ್ಲಿಯ ಬಿಳಿಚಿದ ಗುರುತು ಕಲ್ಲಿನ ಅಂಚಿಗೆ ಸರಿಯಾಗಿ ಹೊಂದುತ್ತದೆ. ಮನೆ ಕಳೆದುಕೊಂಡ ಇರುವೆಗಳು ಇನ್ನೂ ಮೊಟ್ಟೆ ಸಾಗಿಸುತ್ತಿವೆ. ಕಲ್ಲನ್ನು ಎತ್ತಿದ್ದು ನಿನ್ನೆಯೇ.

ಗೌಸನೇ ಅದನ್ನು ಮೇಲೆ ಸಾಗಿಸಿರಬಹುದಲ್ಲ ಎಂದು ಅಮೀನ ಕೇಳಿದ. ಅವನು ಏಣಿ ಹತ್ತಿದ್ದು ಬರೀ ನೀರಿನ ಕೊಡ ಹಿಡಿದು, ಇಬ್ಬರ ಕಣ್ಣೆದುರಿಗೆ ಎಂದು ಹಕೀಮರು ನೆನಪಿಸಿದರು. ಮೇಲೆ ಕೈಗೆಟಕುವಂತೆ ಸಡಿಲ ಕಲ್ಲುಗಳಿರುವಾಗ ಕೆಳಗಿನದನ್ನು ಹೊರುವ ಹುಚ್ಚು ಯಾರಿಗಿದೆ? ಸಪ್ಪಳ ಕೇಳಿ ಅವನು ಅಂಚಿಗೆ ಬಂದು ಇಣುಕಿದ. ಯಾರಾದರೂ ಇಣುಕುತ್ತಿದ್ದರು. ಕಲ್ಲು ಮೇಲಿಂದ ಬೀಳಲಿಲ್ಲ. ನೆಲದಿಂದ ಎದ್ದು ನೆಲಕ್ಕೆ ಬಿತ್ತು. ಕೊಂದವನು ಹುಲ್ಲಿನಿಂದ ಎತ್ತಿ ತಂದು ಮಲಗಿದವನ ಮೇಲೆ ಹಾಕಿದ. ಮಾಳಿಗೆಯ ಆಚೆ ಬದಿಯಿಂದ ಗೌಸ ಅಂಚಿಗೆ ಬರುವುದರೊಳಗೆ ಮಣ್ಣು ಒರೆಸಿ, ಕಲ್ಲುಹೂವಿನ ಮುಖ ಮೇಲೆ ಮಾಡಿ ಇಟ್ಟ, ಸೂರಿನ ಕಲ್ಲೆಂದು ಎಲ್ಲರೂ ತಿಳಿಯಲಿ ಎಂದು.

"ಈಗ ಪೀರ್ ಪಾಷಾ ಹೇಳಲಿ," ಎಂದರು ಹಕೀಮರು. "ಮಲಗಿದ ಕಲ್ಲಿಗೆ ನಿಮ್ಮ ಮಂದಿ ಯಾಕ ಕೈ ಹಚ್ಚಂಗಿಲ್ಲ?"

"ಚೇಳು ಇರತಾವ್ರಿ, ಬ್ಯಾಸಗ್ಯಾಗ. ಮೊದಲ ಹಾರಿ ಹಾಕಿ ಮಗಚತೇವಿ."

"ಹಾರಿ ಹಾಕಿದರ ಸಪ್ಪಳ ಆಗತದ. ಮಲಗಿದಂವಾ ಎಚ್ಚರಾಗತಾನ. ಅದಕ್ಕ ಈ ಮನಷ್ಯಾ ತನ್ನ ಕಸಬು ಕಲಿಸಿದ್ದನ್ನ ಮರತು ಬರೇ ಕೈ ಹಾಕಿದ."

ಅವರು ಹುಣಸೆ ಬೀಜವನ್ನು ಎತ್ತಿ ತೋರಿಸಿದರು. ಚೇಳು ಕುಟುಕಿದರೆ ಹುಣಸೆ ಬೀಜವನ್ನು ಕಲ್ಲಿಗೆ ತಿಕ್ಕಿ, ಬಿಸಿಯೇರಿದಾಗ ಗಾಯಕ್ಕೆ ಅಂಟಿಸುವುದು ಈ ನಾಡಿನಲ್ಲಿ ಯಾರಿಗೆ ಗೊತ್ತಿಲ್ಲ? ಆದರೆ ನಿನ್ನೆ ಚೇಳು ಕಡಿದದ್ದನ್ನು ಇಲ್ಲಿ ಯಾರೂ ಹೇಳಿಲ್ಲ. ಹೇಳಬಾರದ ಜಾಗದಲ್ಲಿ, ಹೇಳಬಾರದ ಹೊತ್ತಿನಲ್ಲಿ ಅದು ಕಡಿದಿದೆ. ಸುತ್ತಿಗೆ ಬಿದ್ದ ಬೆರಳಿಗೆ ಉಗುರು ಕಪ್ಪಾಗುತ್ತದೆ. ಅಂಥ ಬೆರಳಿಗಾಗಿ ಯಾರೂ ಇಡೀ ತೋಳನ್ನು ಎದೆಗೊತ್ತಿ ಮರುದಿನವೂ ಬೆವರುವುದಿಲ್ಲ.

"ಜ್ಞಾನೇಶ್ವರ, ಬಟ್ಟಿ ಬಿಚ್ಚು."

ಅವನು ಕದಲಲಿಲ್ಲ. ತಳವಾರ ಅವನ ಕೈ ಹಿಡಿದು ಬಟ್ಟೆ ಬಿಚ್ಚಿದ. ಉಗುರು ಶುಭ್ರವಾಗಿತ್ತು. ಬೆರಳಿನ ಒಳಮಗ್ಗುಲಲ್ಲಿ, ಊದಿದ ಕೆಂಪಿನ ನಡುವೆ, ಸೂಜಿ ಚುಚ್ಚಿದಷ್ಟು ಸಣ್ಣದೊಂದು ತೂತು. ಅದರ ಸುತ್ತ ಬೀಜ ಅಂಟಿದ್ದ ಕಂದು ಕಲೆ.

ಅಮೀನ ಕೇಳುವ ಮುಂಚೆಯೇ ಜ್ಞಾನೇಶ್ವರ ಮಾತಾಡತೊಡಗಿದ. ಅವನು ಮಾತಾಡಿದ್ದು ಅಮೀನನಿಗಲ್ಲ, ತಂಗಿಗೂ ಅಲ್ಲ. ಕಂಬಕ್ಕೆ ಕಟ್ಟಿದ್ದ ಗೌಸನಿಗೆ.

"ನಿನಕಿಂತ ಮೊದಲ ಅವನ ಜೋಡಿ ನಾ ಇದ್ದೆ. ನಾ ಬಳ್ಳಿ ಕೊರದರ ಅಂವಾ ಹೂವು ಕೊರೀತಿದ್ದ. ನೀ ಬಂದಿ, ಊರ ಬಾಯಾಗ ನೀವಿಬ್ಬರೂ ಒಂದ ಹೆಸರಾದ್ರಿ. ನನ್ನ ಹೆಸರು ಯಾರಿಗೆ ನೆನಪದ? ನಿನ್ನೆ ಅವನ ಕಾಲ ಹತ್ತರ ಕೂತು ಕೇಳದೆ, ಹೈದರಾಬಾದಿಗೆ ನನ್ನ ಕರಕೊಂಡು ಹೋಗು ಅಂತ. ನಕ್ಕ. ನಾ ನಿನ್ನ ಕರಕೊಂಡು ಹೋದರ ಗೌಸಗ ಜೋಡಿ ಯಾರು ಅಂದ. ಕೆಟ್ಟ ಮನಸಿನಿಂದ ನಕ್ಕಿಲ್ಲ. ಕೆಟ್ಟ ಮನಸಿನಿಂದ ನಕ್ಕಿದ್ದರ ಬಿಡತಿದ್ದೆ."

ಹಾಗಾದರೆ ಕೊಲೆಯನ್ನು ಗೌಸನ ಕೊರಳಿಗೆ ಯಾಕೆ ಕಟ್ಟಿದೆ ಎಂದು ಅಮೀನ ಕೇಳಿದ.

"ಅಂವಾ ಸತ್ತ ಮ್ಯಾಲೂ ಊರವರು ಅವನ್ನ ಇವನ ಜೋಡೀನ ನೆನಸತಿದ್ದರು. ಇವನ ಹೆಸರು ಕೇಳಿದರ ಮಂದಿ ಉಗುಳಬೇಕಿತ್ತು," ಎಂದ ಜ್ಞಾನೇಶ್ವರ.

ದತ್ತಾತ್ರಿ ನೆಲ ನೋಡಿದ. ಇಂಥ ಮಾತನ್ನು ಬಾಯಿಬಿಟ್ಟು ಹೇಳಿದವನನ್ನು ಅವನು ಈವರೆಗೆ ಕಂಡಿರಲಿಲ್ಲ. ಮನಸ್ಸಿನಲ್ಲಿ ಇದರ ಅಂಚಿನವರೆಗೆ ಹೋಗಿ ಬಂದವನನ್ನು ಮಾತ್ರ ಬಲ್ಲವನಾಗಿದ್ದ.

ದ್ರೌಪತಿ ಅಣ್ಣನನ್ನು ಒಮ್ಮೆ ನೋಡಿದಳು, ಬಹಳ ದೂರದ ಊರೊಂದನ್ನು ನೋಡುವಂತೆ. ಅಮೀನನ ಸನ್ನೆಗೆ ತಳವಾರ ಗೌಸನ ಹಗ್ಗ ಬಿಚ್ಚಿ, ಅದನ್ನೇ ಜ್ಞಾನೇಶ್ವರನ ಕೈಗೆ ಕಟ್ಟಿದ.

ಹಗ್ಗ ಕಳಚಿದರೂ ಗೌಸ ಕಂಬದ ಬುಡದಲ್ಲೇ ಕುಳಿತಿದ್ದ. ಲತೀಫಾ ಅವನ ರಟ್ಟೆ ಹಿಡಿದು ಎಬ್ಬಿಸಲು ನೋಡಿದಳು. ಅವನ ಮೈ ಏಳಲಿಲ್ಲ. ಬಿಡುಗಡೆಯಾದದ್ದು ಅವನಿಗೆ ತಿಳಿದಂತೆ ಕಾಣಲಿಲ್ಲ. ತಿಳಿದಿದ್ದರೂ, ಅದನ್ನಿಟ್ಟುಕೊಂಡು ಏನು ಮಾಡಬೇಕೆಂಬುದು ತಿಳಿದಿರಲಿಲ್ಲ. ಅವನು ಗಚ್ಚು ಮೆತ್ತಿದ ತನ್ನ ಅಂಗೈಗಳನ್ನು ಬೇರೆ ಯಾರದೋ ಸಾಮಾನಿನಂತೆ ಮಡಿಲಲ್ಲಿಟ್ಟುಕೊಂಡಿದ್ದ.

ಆಗ ದ್ರೌಪತಿ ಕಂಬ ಬಿಟ್ಟು ಅವನೆದುರಿಗೆ ಬಂದು ನಿಂತಳು.

"ಗೌಸಭಾಯಿ, ನಾಳಿಗೆ ಮೂರು ದಿನ. ಹಾಲು-ತುಪ್ಪ ಬಿಡೂದದ. ನೀ ಬರಬೇಕು."

ಗೌಸ ಮೊದಲ ಬಾರಿಗೆ ತಲೆಯೆತ್ತಿದ. "ನಾ ಹ್ಯಾಂಗ ಬರಲಿ ವೈನಿ? ನಾ ಬೂದಿ ಮುಟ್ಟಿದರ ನಿಮ್ಮ ಹಿರ್ಯಾರು ಏನಂದಾರು?"

"ನಮ್ಮವರ ಬುತ್ತಿ ಗಂಟು ದಿನಾ ಯಾರು ಬಿಚ್ಚತಿದ್ದರು? ಒಂದ ದಿನಾನೂ ಕೇಳಲಿಲ್ಲ. ಈಗೇನು ಕೇಳತಿ?" ಎಂದಳು ಅವಳು. ಆಮೇಲೆ ಲತೀಫಾಳ ಕಡೆಗೆ ತಿರುಗಿ, "ನೀನೂ ಬಾ. ನಾ ಒಬ್ಬಾಕಿನ ಇದ್ದೇನಿ," ಎಂದಳು.

ಗೌಸ ನೆಲಕ್ಕೆ ಕೈಯೂರಿ ಎದ್ದ. ಇಬ್ಬರು ಹೆಂಗಸರ ನಡುವೆ, ಯಾರ ಆಸರೆಯನ್ನೂ ಹಿಡಿಯದೆ, ಊರಿನ ಕಡೆಗೆ ನಡೆದ. ಹೊಲದ ಅಂಚಿನ ಹಾದಿಯಲ್ಲಿ ಆ ಮೂವರು ಸಣ್ಣಗಾಗುತ್ತ ಹೋಗುವುದನ್ನು ದತ್ತಾತ್ರಿ ನೋಡುತ್ತ ನಿಂತ. ಹಕೀಮರೂ ಜಲಾಲುದ್ದೀನನೂ ಚಕ್ಕಡಿಯ ಬಳಿ ಅವನಿಗಾಗಿ ಕಾಯುತ್ತಿದ್ದರು. ನಡೆದು ಹೋಗುತ್ತಿದ್ದ ಆ ಮನುಷ್ಯನ ಪಾಲಿಗೆ ಉಳಿದದ್ದು ಒಂದು ಹಿಡಿ ಬೂದಿ ಎಂದು ದತ್ತಾತ್ರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ, ತನಗೇ ನಾಚಿಕೆಯಾಗುವಷ್ಟು ನಿಚ್ಚಳವಾಗಿ, ಅವನಿಗೆ ಗೌಸನ ಮೇಲೆ ಅಸೂಯೆಯಾಯಿತು.